ಎಂಟು ನಿಮಿಷ ಪ್ರಕಟಣೆ ಇರುವುದಿಲ್ಲ

ಸಿನಿಮಾದವರಿಗೆ ಅಭಿಮಾನಿಗಳಿರುತ್ತಾರೆ, ಆಟಗಾರರಿಗೂ ಇರುತ್ತಾರೆ. ನಾನು ನಮ್ಮ ಬಸ್ ನಿಲ್ದಾಣದ ಮೈಕಿನಲ್ಲಿ ಮಾತಾಡುವ ಹೆಂಗಸಿನ ಅಭಿಮಾನಿ. ನಗುವವರು ನಗಲಿ. ಹತ್ತು ಪ್ಲಾಟ್‌ಫಾರಂ, ಆರು ಸ್ಪೀಕರ್, ಸಾವಿರಾರು ಜನ, ಹಾರ್ನು, ಹೊಗೆ, ಅಳುವ ಮಕ್ಕಳು. ಅದೆಲ್ಲದರ ಮೇಲೆ ತಣ್ಣಗೆ ಬಂದು ಕೂರುವ ಒಂದೇ ಧ್ವನಿ: "ದಯವಿಟ್ಟು ಗಮನಿಸಿ. ಹದಿನಾಲ್ಕನೇ ನಂಬರಿನ ಬಸ್ಸು ಮೂರನೇ ಪ್ಲಾಟ್‌ಫಾರಂನಿಂದ ಹೊರಡಲು ಸಿದ್ಧವಾಗಿದೆ." ಆ 'ಸಿದ್ಧವಾಗಿದೆ' ಅನ್ನುವಾಗ ಕೊನೆಗೆ ಚೂರು ಮೇಲಕ್ಕೆ ಎಳೆಯುತ್ತಾಳೆ ನೋಡಿ, ಬಸ್ ತಪ್ಪಿಸಿಕೊಂಡವರಿಗೂ ಸಿಟ್ಟು ಬರುವುದಿಲ್ಲ.

ಅವಳನ್ನು ಡ್ರೈವರು ಕಂಡಕ್ಟರುಗಳಿಂದ ಹಿಡಿದು ಕಡಲೆಕಾಯಿ ಮಾರುವವನ ತನಕ ಎಲ್ಲರೂ ಕರೆಯುವುದು ಮೈಕಕ್ಕ ಅಂತ. ಒಂಬತ್ತು ವರ್ಷದಿಂದ ಅದೇ ಕುರ್ಚಿ. ಆ ಕುರ್ಚಿಗೆ ಐದು ಚಕ್ರ ಇರಬೇಕಾದಲ್ಲಿ ನಾಲ್ಕೇ ಇವೆ. ಅವಳು ಅದರಲ್ಲಿ ಒಂದು ಕಡೆ ವಾಲಿ ಕೂರುವುದು ಎಷ್ಟು ರೂಢಿಯಾಗಿದೆಯೆಂದರೆ, ಮನೆಯಲ್ಲಿ ನೆಟ್ಟಗಿರುವ ಕುರ್ಚಿಯಲ್ಲೂ ವಾಲಿಯೇ ಕೂರುತ್ತಾಳಂತೆ. ಮುಂದಿನದರಲ್ಲಿ ಮುಕ್ಕಾಲು ಅವಳೇ ಹೇಳಿದ್ದು. ಉಳಿದದ್ದನ್ನು ಗಿಣಿ ಹೇಳಿದಳು, ಹೇಳಿದ್ದು ಮಾತ್ರವಲ್ಲ, ಅಭಿನಯಿಸಿ ತೋರಿಸಿದಳು.

ಗಿಣಿ ಅಂದರೆ ಕೆಳಗಿನ ವಿಚಾರಣೆ ಕೌಂಟರಿನಲ್ಲಿ ಕೂರುವ ಹುಡುಗಿ. ಮೈಕಕ್ಕನ ಗಾಜಿನ ಗೂಡು ಇರುವುದು ಸರಿಯಾಗಿ ಅವಳ ತಲೆಯ ಮೇಲೆ, ಹನ್ನೊಂದು ಕಬ್ಬಿಣದ ಮೆಟ್ಟಿಲು ಹತ್ತಿದರೆ ಆಯಿತು. ಯಾರ ಧ್ವನಿಯನ್ನಾದರೂ ಒಮ್ಮೆ ಕೇಳಿದರೆ ಅಲ್ಲೇ ಎತ್ತಿಕೊಂಡುಬಿಡುತ್ತಾಳೆ, ಅದಕ್ಕೇ ಗಿಣಿ.

ಈಗ ತೊಂದರೆಯ ವಿಷಯಕ್ಕೆ ಬರೋಣ. ಸಿಬ್ಬಂದಿಯ ಶೌಚಾಲಯ ಇರುವುದು ಎಂಟನೇ ಪ್ಲಾಟ್‌ಫಾರಂನ ಆಚೆ, ಮೇಲ್ಸೇತುವೆ ದಾಟಿ. ಹೋಗಲು ಮೂರು ನಿಮಿಷ, ಬರಲು ಮೂರು, ಒಳಗೆ ಎರಡು. ಒಟ್ಟು ಎಂಟು. ಬೆಳಗಿನ ಹೊತ್ತು ಎರಡು ಬಸ್ಸುಗಳ ನಡುವೆ ನಾಲ್ಕು ನಿಮಿಷ ಸಿಕ್ಕರೆ ಪುಣ್ಯ. ಮೈಕು ಖಾಲಿ ಇರಬಾರದು ಅನ್ನುವುದು ನಿಲ್ದಾಣದ ಕಟ್ಟಳೆ. ಹಾಗಾಗಿ ಗಿಣಿ ಕೆಲಸಕ್ಕೆ ಬಂದಾಗಿನಿಂದಲೂ ಇಬ್ಬರೂ ಒಂದು ಉಪಾಯ ಮಾಡಿಕೊಂಡಿದ್ದರು. ಮೈಕಕ್ಕ ನೆಲಕ್ಕೆ ಎರಡು ಸಲ ಕಾಲು ಕುಟ್ಟುವುದು. ಗಿಣಿ ಕೆಳಗೆ 'ಹತ್ತು ನಿಮಿಷ' ಅನ್ನುವ ಬೋರ್ಡು ತಿರುಗಿಸಿ ಮೇಲೆ ಓಡಿ ಬರುವುದು, ಅಕ್ಕನ ಧ್ವನಿಯಲ್ಲಿ ಹದಿನಾಲ್ಕನೇ ನಂಬರನ್ನು ಹೊರಡಿಸುವುದು. 'ಸಿದ್ಧವಾಗಿದೆ'ಯ ಎಳೆತದ ಸಮೇತ. ಕಂಟ್ರೋಲರ್ ಸಾಹೇಬರಿಗೆ ಆರು ವರ್ಷ ಗೊತ್ತೇ ಆಗಲಿಲ್ಲ.

ಹಳೆಯ ಸಾಹೇಬರು ನಿವೃತ್ತರಾಗಿ ಹೊಸಬರು ಬಂದರು. ಬಂದ ಮೊದಲ ವಾರವೇ ಯಾರೋ ಪ್ರಯಾಣಿಕ, ಕೌಂಟರ್ ಮುಚ್ಚಿತ್ತು ಅಂತ ದೂರು ಬರೆದ. ಸಾಹೇಬರು 'ಹತ್ತು ನಿಮಿಷ' ಬೋರ್ಡನ್ನೇ ಕಿತ್ತು ತಮ್ಮ ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡರು.

"ಕೌಂಟರ್ ಬಿಟ್ಟು ಏಳಂಗಿಲ್ಲ ಕಣಮ್ಮಾ," ಅಂದರು ಗಿಣಿಗೆ. ಮೈಕಕ್ಕನ ಕಡೆ ತಿರುಗಿ, "ಬಸ್ಸು ಕಮ್ಮಿ ಇರೋ ಹೊತ್ತು ನೋಡಿ ಟೀಗೆ ಅಂತ ಹತ್ತು ಗಂಟೆಗೆ ಹದಿನೈದು ನಿಮಿಷ ಬಿಡ್ತೀನಲ್ಲ, ಸಾಲದಾ?"

"ಸಾಲತ್ತೆ ಸಾರ್," ಅಂದಳು ಮೈಕಕ್ಕ. ಆಗ ಅವಳಿಗೆ ಮೂರು ತಿಂಗಳು. ಯಾರಿಗೂ ಹೇಳಿರಲಿಲ್ಲ.

ಅಂದಿನಿಂದ ನೀರಿನ ಬಾಟಲಿಯ ಮೇಲೆ ಅಂಟುಪಟ್ಟಿಯ ಗೆರೆಗಳು ಬಂದವು. ಆರರಿಂದ ಹತ್ತರ ತನಕ ಈ ಗೆರೆ, ಹತ್ತರಿಂದ ಎರಡರ ತನಕ ಆ ಗೆರೆ. ಗೆರೆ ದಾಟಿ ಒಂದು ಗುಟುಕು ಹೆಚ್ಚಾದರೂ ಮಧ್ಯಾಹ್ನದ ತನಕ ಮುಳ್ಳಿನ ಮೇಲೆ ಕೂತಂತೆ. ಗಂಟಲಿಗೆ ನೀರು ಬೇಕು, ಇಲ್ಲದಿದ್ದರೆ ಧ್ವನಿ ಒಡೆಯುತ್ತದೆ. ಕೆಳಹೊಟ್ಟೆಗೆ ನೀರು ಬೇಡ. ಇಬ್ಬರ ಜಗಳದ ನಡುವೆ ಅವಳು ಕಾಲು ಅಲ್ಲಾಡಿಸುತ್ತ ಕೂರುತ್ತಿದ್ದಳು, ಕಣ್ಣು ಗಡಿಯಾರದ ಮೇಲೆ. ನಾಲ್ಕು ಚಕ್ರದ ಕುರ್ಚಿ ಇಡೀ ದಿನ ಕಟಕಟ ಅನ್ನುತ್ತಿತ್ತು, ಕೆಳಗೆ ಕೂತ ಗಿಣಿಗೆ ಅದು ಕೇಳುತ್ತಿತ್ತು.

ಐದು ತುಂಬಿ ಆರಕ್ಕೆ ಬಿದ್ದಾಗ ಉರಿ ಶುರುವಾಯಿತು. ಹತ್ತಕ್ಕೆ ಓಡಿ ಹೋದರೆ ಬರುವುದು ನಾಲ್ಕು ಹನಿ, ಅದೂ ಸುಡುತ್ತ. ಮೇಲ್ಸೇತುವೆ ಹತ್ತಿ ಅರ್ಧ ದಾರಿ ಬರುವಷ್ಟರಲ್ಲಿ ಮತ್ತೆ ಅವಸರ. ಮನೆಯಲ್ಲಿ ಅತ್ತೆಗೆ ಹೇಳಿದಳು.

"ಉಷ್ಣ ಆಗಿದೆ ಅಷ್ಟೇ," ಅಂದರು ಅತ್ತೆ. "ಬಸುರಿ ಹೆಂಗಸು ಒಂದಕ್ಕೆ ಹತ್ತು ಸಲ ಓಡ್ದೆ ಇನ್ನೇನು ಮಾಡ್ತಾಳೆ? ಇವನು ಹೊಟ್ಟೇಲಿದ್ದಾಗ ನಾನು ಓಡಿದ್ದಕ್ಕೆ ಪದಕ ಕೊಡಬೇಕಿತ್ತು."

'ಇವನು' ಅಂದರೆ ಮೈಕಕ್ಕನ ಗಂಡ, ಲೇತ್ ಕಾರ್ಖಾನೆಯಲ್ಲಿ ಕೆಲಸ. ಅವನು ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ. ಓಡುವುದು ಸರಿ, ಉರಿಯುವುದೂ ಸರಿಯೇ ಅಂತ ಕೇಳಬೇಕು ಅಂದುಕೊಂಡಳು. ಕೇಳಲಿಲ್ಲ.

ತಿಂಗಳ ತಪಾಸಣೆಯ ದಿನ ಬಂತು. ಆರೋಗ್ಯ ಕೇಂದ್ರ ನಿಲ್ದಾಣದ ಎದುರಿಗೇ ಇದೆ. ಅರ್ಧ ದಿನ ರಜೆ ಹಾಕಿ ಹೊರಟಳು, ಗಿಣಿಗೆ ಅವತ್ತು ವಾರದ ರಜೆ, ಜೊತೆಗೆ ಬಂದಳು. ಹೊರಡುವ ಮುಂಚೆ ಮೈಕಕ್ಕ ಮಾಡಿದ ಕೆಲಸ ಏನು ಗೊತ್ತೇ? ಶೌಚಾಲಯಕ್ಕೆ ಹೋಗಿ ಬಂದಳು. ಎಲ್ಲಿಗೆ ಹೊರಟರೂ ಮೊದಲು ಹೋಗಿ ಬಂದುಬಿಡುವುದು ಒಂಬತ್ತು ವರ್ಷದ ಅಭ್ಯಾಸ, ಮುಂದೆ ಎಲ್ಲಿ ಸಿಗುತ್ತದೋ ಸಿಗುವುದಿಲ್ಲವೋ! ಆಮೇಲೆ ಕೇಂದ್ರದಲ್ಲಿ ಸಿಸ್ಟರ್ ಅವಳ ಹೆಸರು ಬರೆದ ಚೀಟಿ ಅಂಟಿಸಿ ಒಂದು ಪುಟ್ಟ ಬಾಟಲಿ ಕೈಗೆ ಕೊಟ್ಟರು.

"ಹನ್ನೆರಡಕ್ಕೆ ಲ್ಯಾಬ್ ಮುಚ್ತಾರೆ. ಬೇಗ ಹಿಡ್ಕೊಂಡು ಬಾಮ್ಮಾ."

ಬಾತ್‌ರೂಮಿನಲ್ಲಿ ಹತ್ತು ನಿಮಿಷ ಕೂತಳು. ನಲ್ಲಿ ಬಿಟ್ಟು ನೀರಿನ ಸದ್ದು ಕೇಳಿಸಿಕೊಂಡಳು. ಏನೂ ಇಲ್ಲ. ಬರುವ ಹಾಗಾದಾಗ ಉರಿಯ ಭಯಕ್ಕೆ ಮೈಯೇ ಬಿಗಿದುಕೊಂಡಿತು. ಹೊರಗೆ ಬಂದು ಖಾಲಿ ಬಾಟಲಿ ತೋರಿಸಿದಳು. ಗಂಟೆ ಹನ್ನೊಂದು ಐವತ್ತು.

"ಒಂದು ಹನೀನೂ ಇಲ್ಲ ಕಣೇ. ಇನ್ನೊಂದು ದಿನ ರಜ ಕೊಡ್ತಾರಾ ಆ ಪುಣ್ಯಾತ್ಮ?"

ಗಿಣಿ ಬಾಟಲಿ ಕಿತ್ತುಕೊಂಡಳು. "ಕೊಡಿಲ್ಲಿ ಅಕ್ಕಾ. ಆರು ವರ್ಷದಿಂದ ನಿನ್ನ ಗಂಟಲಲ್ಲಿ ಮಾತಾಡ್ತಿರೋಳು ನಾನು. ಒಂದು ಬಾಟ್ಲಿ ತುಂಬ್ಸೋದು ಯಾವ ಮಹಾ?"

"ಥೂ! ಬೇಡ್ವೇ..."

"ಅದರಲ್ಲೇನು ಚಿನ್ನ ಹುಡುಕ್ತಾರಾ? ಸಕ್ಕರೆ ಇದೆಯಾ ಇಲ್ವಾ ನೋಡ್ತಾರೆ. ನನಗಿಲ್ಲ, ನಿನಗೂ ಇಲ್ಲ."

ಒಂದೇ ನಿಮಿಷದಲ್ಲಿ ತುಂಬಿಸಿಕೊಂಡು ಬಂದಳು. ಲ್ಯಾಬಿನವನಿಗೆ ಕೊಡುವಾಗ ಮೈಕಕ್ಕನ ಧ್ವನಿಯಲ್ಲೇ, "ದಯವಿಟ್ಟು ಸ್ವೀಕರಿಸಿ," ಅಂದಳು. ರಸ್ತೆ ದಾಟುವ ತನಕ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಮೈಕಕ್ಕನ ಹೊಟ್ಟೆ ಹಿಡಿಯಲು ಎರಡು ಕೈ ಸಾಲದೆ ಗಿಣಿಯದೊಂದು ಕೈ.

ರಿಪೋರ್ಟು ಬಂತು. ಸ್ವಚ್ಛ. ಸೋಂಕಿಲ್ಲ, ಸಕ್ಕರೆ ಇಲ್ಲ. ಅತ್ತೆ ಅದನ್ನು ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿ, "ನೋಡು, ನಾನು ಹೇಳ್ಲಿಲ್ವಾ?" ಅಂದರು. ಮೈಕಕ್ಕ ನೀರು ಕುಡಿಯಲು ಫ್ರಿಜ್ಜು ತೆಗೆದಾಗಲೆಲ್ಲ ಆ ಕಾಗದ ಕಣ್ಣಿಗೆ ಹೊಡೆಯುತ್ತಿತ್ತು. ಮೇಲೆ ತನ್ನ ಹೆಸರು, ಒಳಗೆ ಗಿಣಿಯ ಆರೋಗ್ಯ. ವಿಚಿತ್ರ ಏನೆಂದರೆ, ಅದನ್ನು ನೋಡಿ ನೋಡಿ ಅವಳಿಗೇ ಒಂದಿಷ್ಟು ಧೈರ್ಯ ಬಂದುಬಿಟ್ಟಿತ್ತು. ರಿಪೋರ್ಟು ಸರಿಯಿದೆಯಲ್ಲ, ಇನ್ನೇನು!

ಮೂರನೇ ದಿನ ಬೆಳಿಗ್ಗೆ ಎಡಗಡೆ ಪಕ್ಕೆಯ ಹಿಂದೆ ನೋವು. ಕುರ್ಚಿಯದು ಅಂದುಕೊಂಡಳು, ಎಡಕ್ಕೇ ತಾನೇ ವಾಲುವುದು. ಎಂಟಕ್ಕೆ ಚಳಿ. ಫ್ಯಾನು ಆರಿಸಿದಳು. ಒಂಬತ್ತಕ್ಕೆ ಹಲ್ಲು ಕಟಕಟ. ಶಾಲು ಹೊದ್ದಳು. ಎದ್ದಳು, ಕೂತಳು, ಮತ್ತೆ ಎದ್ದಳು. ಒಂಬತ್ತೂವರೆಗೆ ನಿಲ್ದಾಣವೆಲ್ಲ ಕೇಳಿತು:

"ದಯವಿಟ್ಟು ಗಮನಿಸಿ. ಹದಿನಾಲ್ಕನೇ ನಂಬರಿನ ಬಸ್ಸು... ಹದಿಮೂರನೇ ಪ್ಲಾಟ್‌ಫಾರಂನಿಂದ..."

ನಾನು ಅಲ್ಲೇ ಇದ್ದೆ. ಜನ ಜೋರಾಗಿ ನಕ್ಕರು. ಇರುವುದೇ ಹತ್ತು ಪ್ಲಾಟ್‌ಫಾರಂ! ಒಬ್ಬ ಕಂಡಕ್ಟರು, "ಮೈಕಕ್ಕಾ, ಇನ್ನೂ ಮೂರು ಕಟ್ಟಿಸ್ಬಿಡು!" ಅಂತ ಕೂಗಿದ. ಆದರೆ ಕೌಂಟರಿನಲ್ಲಿ ಗಿಣಿ ನಗಲಿಲ್ಲ. ಆ ಧ್ವನಿಯಲ್ಲಿ ಒಂದು ನಡುಕ ಇತ್ತು. ತನಗೆ ಎತ್ತಿಕೊಳ್ಳಲು ಬಾರದ ನಡುಕ. ಎದುರಿಗೆ ಹನ್ನೆರಡು ಜನ ಸಾಲಿನಲ್ಲಿದ್ದರು, ಬೋರ್ಡು ಸಾಹೇಬರ ಡ್ರಾಯರಿನಲ್ಲಿತ್ತು. ಅವಳು ಸುಮ್ಮನೆ ಎದ್ದು ಮೆಟ್ಟಿಲು ಹತ್ತಿದಳು.

ಮೈ ಕೆಂಡದ ಹಾಗಿತ್ತಂತೆ.

ಮಧ್ಯಾಹ್ನ ಆಸ್ಪತ್ರೆ. ಅತ್ತೆ ಓಡಿ ಬಂದಿದ್ದರು, ಫ್ರಿಜ್ಜಿನ ಬಾಗಿಲಿನ ರಿಪೋರ್ಟನ್ನು ಮರೆಯದೆ ಬ್ಯಾಗಿನಲ್ಲಿ ಹಾಕಿಕೊಂಡು. ಹೊರಗೆ ಬೆಂಚಿನಲ್ಲಿ ಗಿಣಿ. ಒಳಗೆ ಸಾಲಾಗಿ ಎಂಟು ಮಂಚ, ಪರದೆ ಇದ್ದದ್ದು ಎರಡಕ್ಕೆ, ಅದರಲ್ಲಿ ಒಂದು ಹರಿದಿತ್ತು. ಡಾಕ್ಟರಮ್ಮ ಮೂರು ಮಂಚಗಳ ನಡುವೆ ಒಂದೇ ಸಮನೆ ಓಡಾಡುತ್ತಿದ್ದರು. ಮೈಕಕ್ಕನ ಬೆನ್ನಿನ ಎಡಗಡೆ ಮೆಲ್ಲಗೆ ತಟ್ಟಿದರು, ಅವಳು ಕಿರುಚಿದಳು.

"ಮೂತ್ರ ಉರಿ ಇದೆಯಾ?"

ಅವಳು ಬಾಯಿ ತೆರೆಯುವ ಮೊದಲೇ ಅತ್ತೆ ಕಾಗದ ಚಾಚಿದರು. "ಅದೆಲ್ಲ ಪರೀಕ್ಷೆ ಆಗಿದೆ ಡಾಕ್ಟ್ರೇ. ಮೂರು ದಿನ ಆಯ್ತು ಅಷ್ಟೇ. ಏನೂ ಇಲ್ಲ ಅಂತ ಬಂದಿದೆ."

ಡಾಕ್ಟರಮ್ಮ ಓದಿದರು. ಹುಬ್ಬು ಗಂಟಿಕ್ಕಿದರು, ಆಮೇಲೆ ಬಿಟ್ಟರು. "ಹ್ಞೂ, ಕ್ಲೀನ್ ಇದೆ. ಹಾಗಾದ್ರೆ ವೈರಲ್ ಇರಬಹುದು. ನೋವು ಕೂತು ಕೂತು ಬಂದಿರೋದು. ಜ್ವರದ ಮಾತ್ರೆ ಬರೀತೀನಿ, ಎರಡು ದಿನ ನೋಡಿ." ಮುಂದಿನ ಮಂಚದ ಕಡೆ ತಿರುಗಿದರು.

ಹೇಳಬೇಕು ಅಂದುಕೊಂಡಳು ಮೈಕಕ್ಕ. ಹೇಗೆ ಹೇಳುವುದು? ಪಕ್ಕದಲ್ಲಿ ಅತ್ತೆ. ಹೊರಗೆ ಗಿಣಿ, ಅವಳ ಹೆಸರು ಬರುತ್ತದೆ. ಎದುರು ಮಂಚದಲ್ಲಿ ಯಾರದೋ ಗಂಡ ಕೂತು ಬಾಳೆಹಣ್ಣು ಸುಲಿಯುತ್ತಿದ್ದಾನೆ. ನಾಳೆ ಹೇಳಿದರಾಯಿತು. ಮಾತ್ರೆಗೇ ಇಳಿದರೂ ಇಳಿಯಬಹುದು. ಅಷ್ಟರಲ್ಲಿ ಹೊಟ್ಟೆ ಒಮ್ಮೆ ಬಿಗಿಯಿತು. ಕಲ್ಲಿನ ಹಾಗೆ. ಸಡಿಲವಾಯಿತು. ಅವಳು ಗೋಡೆಯ ಗಡಿಯಾರ ನೋಡಿದಳು, ಅದು ಅವಳ ಕೆಲಸ. ಏಳು ನಿಮಿಷಕ್ಕೆ ಮತ್ತೆ ಬಿಗಿಯಿತು. ಆಮೇಲೆ ಆರು ನಿಮಿಷಕ್ಕೆ. ಬಸ್ಸುಗಳ ಹಾಗೆ ಹತ್ತಿರ ಹತ್ತಿರ ಬರುತ್ತಿದೆ. ಇನ್ನೂ ಆರು ತಿಂಗಳು ತುಂಬಿ ಹತ್ತು ದಿನ.

ಅತ್ತೆ ಚಪ್ಪಲಿ ಹಾಕಿಕೊಂಡು, "ಏಳಮ್ಮ, ಮನೆಗೆ ಹೋಗೋಣ," ಅಂದರು.

ಪಿಸುಗುಟ್ಟಿ ಹೇಳಬೇಕೆಂದೇ ಬಾಯಿ ತೆರೆದಳಂತೆ. ಆದರೆ ಒಂಬತ್ತು ವರ್ಷ ಆರು ಸ್ಪೀಕರಿನಲ್ಲಿ ಮಾತಾಡಿದವಳಿಗೆ ಪಿಸುಮಾತು ಎಲ್ಲಿಂದ ಬರಬೇಕು?

"ದಯವಿಟ್ಟು ಗಮನಿಸಿ!"

ಎಂಟು ಮಂಚವೂ ತಿರುಗಿತು. ಬಾಳೆಹಣ್ಣಿನವನ ಕೈ ಅಲ್ಲೇ ನಿಂತಿತು.

"ಆ ರಿಪೋರ್ಟು ನನ್ನದಲ್ಲ. ಬಾಟ್ಲಿ ಮೇಲಿರೋ ಹೆಸರು ಮಾತ್ರ ನಂದು. ನನಗೆ ಬರ್ಲಿಲ್ಲ, ಬೇರೆಯೋರ ಹತ್ರ ತುಂಬಿಸ್ಕೊಟ್ಟೆ. ನನಗೆ ಒಂದು ತಿಂಗಳಿಂದ ಉರೀತಿದೆ. ಈಗ ಹೊಟ್ಟೆ ಆರು ನಿಮಿಷಕ್ಕೊಂದ್ಸಲ ಬಿಗೀತಿದೆ."

ಡಾಕ್ಟರಮ್ಮ ಎರಡೇ ಹೆಜ್ಜೆಗೆ ವಾಪಸು ಬಂದು ಹೊಟ್ಟೆಯ ಮೇಲೆ ಕೈ ಇಟ್ಟರು. ಅದೇ ಹೊತ್ತಿಗೆ ಬಾಗಿಲಲ್ಲಿ ಗಿಣಿ. ಹೊರಗಿನ ಬೆಂಚಿಗೂ ಕೇಳಿಸಿತ್ತಲ್ಲ!

"ನಾನೇ ಮೇಡಂ. ನಂದೇ ಅದು. ಬೈಯೋದಿದ್ರೆ ನನಗೆ ಬೈಯ್ರಿ."

"ಬೈಯೋಕೆ ಟೈಮಿಲ್ಲ, ಆಮೇಲೆ ಬಾ," ಅಂದರು ಡಾಕ್ಟರಮ್ಮ. "ಸಿಸ್ಟರ್, ಬಾಟ್ಲಿ ತನ್ನಿ. ಔಷಧಿ ಶುರು ಮಾಡೋ ಮುಂಚೆ ಇವಳದೇ ಬೇಕು, ಇವಳ ಜೊತೆ ನೀವೇ ಹೋಗಿ. ಯಾವ ಕ್ರಿಮಿ ಅಂತ ನೋಡೋಕೆ ಕಲ್ಚರ್‌ಗೂ ಕಳಿಸಿ. ಡ್ರಿಪ್ ಹಾಕಿ."

ಈ ಸಲ ಬಂತು. ಸುಡುತ್ತ, ಕಣ್ಣಲ್ಲಿ ನೀರು ಬರಿಸುತ್ತ, ಕಾಲು ಬಾಟಲಿ. ಕಲಕಿದ ಹಾಗೆ ಮಬ್ಬಾಗಿತ್ತು. ಡ್ರಿಪ್ ಹಾಕಿ, ಸೂಜಿಮದ್ದು ಕೊಟ್ಟು, ಮಗುವಿನ ಎದೆಬಡಿತ ಕೇಳಿಸುವ ಪಟ್ಟಿಯನ್ನು ಹೊಟ್ಟೆಗೆ ಕಟ್ಟಿದರು. ಅದರ ಪೆಟ್ಟಿಗೆಯಿಂದ ಕುದುರೆ ಓಡಿದ ಸದ್ದು. ಮೈಕಕ್ಕ ಅದನ್ನು ಕೇಳುತ್ತ, ಗಡಿಯಾರ ನೋಡುತ್ತ ಮಲಗಿದಳು. ಆರು ನಿಮಿಷ. ಎಂಟು. ಮತ್ತೆ ಏಳು, ಹಾಳಾದ್ದು. ಹನ್ನೊಂದು.

ಡಾಕ್ಟರಮ್ಮನಿಗೆ ಬೈಯಲು ಸಮಯ ಸಿಕ್ಕಿದ್ದು ಸಂಜೆ ಐದಕ್ಕೆ. ಮಂಚದ ಎಡಕ್ಕೆ ಅತ್ತೆ, ಬಲಕ್ಕೆ ಗಿಣಿ, ಕಾಲ ಬಳಿ ಕಾರ್ಖಾನೆಯ ಎಣ್ಣೆ ಅಂಗಿಯಲ್ಲೇ ಬಂದ ಗಂಡ. ಎಲ್ಲರಿಗೂ ಸೇರಿಸಿಯೇ ಶುರುಮಾಡಿದರು.

"ಬಸುರೀಲಿ ಹೊಟ್ಟೆ ಬೆಳೀತಾ ಮೂತ್ರದ ನಾಳ ಒತ್ತುತ್ತೆ, ಪೂರ್ತಿ ಖಾಲಿ ಆಗಲ್ಲ. ನಿಂತ ನೀರಲ್ಲಿ ಪಾಚಿ ಕಟ್ಟೋ ಹಾಗೆ ಅಲ್ಲಿ ಕ್ರಿಮಿ ಬೆಳೀತವೆ. ಅದರ ಮೇಲೆ ನೀನು ನೀರೂ ಕುಡೀದೆ, ಗಂಟೆಗಟ್ಟಲೆ ತಡ್ಕೊಂಡು ಕೂತಿದ್ದೀಯ. ಈಗ ಕಿಡ್ನಿಗೆ ಹತ್ತಿದೆ. ಪದೇ ಪದೇ ಹೋಗೋದು ಬಸುರಿಗೆ ಸಹಜ. ಉರಿಯೋದು ಸಹಜ ಅಲ್ಲ. ಕೆಲವರಿಗೆ ಉರಿಯೋದೂ ಇಲ್ಲ, ಏನೂ ಗೊತ್ತಾಗಲ್ಲ. ಅದಕ್ಕೇ ಏನೂ ಇಲ್ದಿದ್ರೂ ಬಾಟ್ಲಿ ಕೊಡೋದು! ಮಾತ್ರೆ ಕೊಟ್ಟು ಮನೆಗೆ ಕಳಿಸಿದ್ರೆ ಏನಾಗ್ತಿತ್ತು ಅಂತ ಹೇಳೋಕೂ ನನಗೆ ಇಷ್ಟ ಇಲ್ಲ."

ಡಾಕ್ಟರಮ್ಮ ಹೋದ ಮೇಲೆ ಮೈಕಕ್ಕ ಅತ್ತೆಯ ಮುಖ ನೋಡಲಾರದೆ ಡ್ರಿಪ್ಪಿನ ಹನಿ ಎಣಿಸಿದಳು.

ಅತ್ತೆ ಮೊದಲು ಗಿಣಿಯ ಕಡೆ ತಿರುಗಿದರು. "ಏನೇ, ನಮ್ಮನೆ ಫ್ರಿಜ್ಜಿಗೆ ಮೂರು ದಿನ ನಿನ್ನ ಉಚ್ಚೆ ರಿಪೋರ್ಟ್ ಅಂಟಿಸ್ಕೊಂಡು ಮೆರೆದ್ನಲ್ಲೇ!"

ಗಂಡನಿಗೆ ನಗು ತಡೆಯಲಾಗಲಿಲ್ಲ, ಕೆಮ್ಮಿದ ಹಾಗೆ ಮಾಡಿದ. ಆಮೇಲೆ ಸೊಸೆಯ ಕಡೆ ತಿರುಗಿದ ಅತ್ತೆಯ ಧ್ವನಿ ಬೇರೆಯಾಗಿತ್ತು.

"ಹೊಲಿಗೆ ಕಾರ್ಖಾನೇಲಿ ಒಂದಕ್ಕೆ ಹೋಗೋಕೆ ಮೇಸ್ತ್ರಿ ಹತ್ರ ಟೋಕನ್ ಕೇಳಬೇಕಿತ್ತು ಕಣಮ್ಮ ನಾನು. ಗಂಡಸಿನ ಹತ್ರ ಏನಂತ ಕೇಳೋದು ಅಂತ ಹದಿನೆಂಟು ವರ್ಷ ತಡ್ಕೊಂಡೆ. ಗೊತ್ತಿದ್ದೋಳೇ ನಾನು. ಗೊತ್ತಿದ್ದೂ ಉಷ್ಣ ಅಂದ್ಬಿಟ್ಟೆ." ಲೋಟಕ್ಕೆ ನೀರು ಬಗ್ಗಿಸಿದರು. "ಕುಡಿ. ಪೂರ್ತಿ ಕುಡಿ. ಬೆಡ್‌ಪ್ಯಾನ್ ನಾನು ಹಿಡೀತೀನಿ."

ಹೊಟ್ಟೆ ಬಿಗಿಯುವುದು ಕತ್ತಲಾಗುವ ಹೊತ್ತಿಗೆ ನಿಂತಿತು. ಜ್ವರ ಮಾತ್ರ ಹಟಮಾರಿ, ಇನ್ನೂ ಎರಡು ದಿನ ಏರಿತು, ಇಳಿಯಿತು. ಕಲ್ಚರ್ ರಿಪೋರ್ಟು ಬಂದು, ಕೊಡುತ್ತಿರುವ ಔಷಧಿಯೇ ಸರಿ ಅಂತಾಯಿತು. ಐದನೇ ದಿನ ಮನೆ. ಮಾತ್ರೆಗಳು ಮುಗಿದು ಒಂದು ವಾರದ ನಂತರ ಮತ್ತೆ ಮೂತ್ರ ಪರೀಕ್ಷೆ ಆಗಬೇಕು, ಈ ಸೋಂಕು ತಿರುಗಿ ಬರುವ ಜಾತಿಯದು ಅಂದಿದ್ದರು. ಅವಳು ನಿಂತಲ್ಲಿ ನಿಲ್ಲಲಿಲ್ಲ. ಎರಡು ಹನಿ ಉರಿದ ಹಾಗಾದರೂ ಜೀವ ಬಾಯಿಗೆ ಬರುತ್ತಿತ್ತು. ಮಗು ಒದೆಯದಿದ್ದರೆ ಚಿಂತೆ, ಒದ್ದರೆ ಬಿಗಿಯಿತೇ ಅಂತ ಚಿಂತೆ.

ಕೆಲಸಕ್ಕೆ ಮರಳಿದ ದಿನ ಡಾಕ್ಟರಮ್ಮನ ಚೀಟಿಯನ್ನು ಸಾಹೇಬರ ಮೇಜಿನ ಮೇಲಿಟ್ಟಳು: ಎರಡು ಗಂಟೆಗೊಮ್ಮೆ ಶೌಚಾಲಯಕ್ಕೆ ಹೋಗಲೇಬೇಕು.

ಸಾಹೇಬರು ಓದಿ ತಲೆ ಕೆರೆದುಕೊಂಡರು. "ಅದು ಸರಿನಮ್ಮಾ, ಮೈಕು ಖಾಲಿ ಬಿಡೋಕಾಗಲ್ವಲ್ಲ. ಜನ ಏನಂತ ತಿಳ್ಕೊಬೇಕು?"

"ನಾನೇ ತಿಳಿಸ್ತೀನಿ ಬಿಡಿ ಸಾರ್."

ಎಂಟು ಗಂಟೆಗೆ ಸರಿಯಾಗಿ ಆರು ಸ್ಪೀಕರೂ ಮಾತಾಡಿದವು. ನಾನು ಮೂರನೇ ಪ್ಲಾಟ್‌ಫಾರಂನಲ್ಲಿದ್ದೆ, ಟೀ ಲೋಟ ಕೈಯಲ್ಲಿ.

"ದಯವಿಟ್ಟು ಗಮನಿಸಿ. ಮುಂದಿನ ಎಂಟು ನಿಮಿಷ ಪ್ರಕಟಣೆ ಇರುವುದಿಲ್ಲ. ಪ್ರಕಟಣೆ ಮಾಡುವವರು ಶೌಚಾಲಯಕ್ಕೆ ಹೋಗುತ್ತಿದ್ದಾರೆ. ಬಸ್ಸಿನ ಮುಂದಿರುವ ಬೋರ್ಡನ್ನು ತಾವೇ ಓದಿಕೊಳ್ಳಬೇಕಾಗಿ ವಿನಂತಿ."

ಎಲ್ಲೋ ಒಬ್ಬರು ಕಿಸಕ್ಕೆಂದರು, ನಗು ಎಲ್ಲ ಪ್ಲಾಟ್‌ಫಾರಂಗಳ ಮೇಲೆ ಹರಿದು ಹೋಯಿತು. ಮೈಕಕ್ಕ ಹೊಟ್ಟೆ ಮುಂದೆ ಮಾಡಿಕೊಂಡು, ಯಾರ ಮುಖವನ್ನೂ ನೋಡದೆ ಮೇಲ್ಸೇತುವೆ ಹತ್ತಿದಳು. ಹನ್ನೆರಡನೇ ನಂಬರಿನ ಲೇಡಿ ಕಂಡಕ್ಟರು ಬಸ್ಸಿನಿಂದ ಇಳಿದು, "ಇರಕ್ಕ, ನಾನೂ ಬಂದೆ!" ಅಂತ ಹಿಂದೆ ಓಡಿದಳು. ಒಂದೂ ಬಸ್ಸು ತಪ್ಪಲಿಲ್ಲ. ಹದಿನಾಲ್ಕಂತೂ ಎಂದಿನಂತೆ ತಡವಾಗಿಯೇ ಬಂತು.

ವಾರ ಕಳೆಯುವಷ್ಟರಲ್ಲಿ ನಗುವವರು ನಕ್ಕು ಸುಸ್ತಾದರು. ಕೆಲವರು ಆ ಎಂಟು ನಿಮಿಷಕ್ಕೆ ಗಡಿಯಾರ ಸರಿಮಾಡಿಕೊಳ್ಳಲು ಶುರುಮಾಡಿದರು. ಬಾಟಲಿಯ ಅಂಟುಪಟ್ಟಿಗಳನ್ನು ಅತ್ತೆ ಬಿಸಿನೀರು ಹಾಕಿ ಉಜ್ಜಿ ತೆಗೆದಿದ್ದರು, ಗೋಂದಿನ ಕಲೆ ಮಾತ್ರ ಹೋಗಿರಲಿಲ್ಲ.

ಪರೀಕ್ಷೆಗೆ ಕೊಡುವ ದಿನ ಅವಳು ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು, ಗಿಣಿಗೆ ಮುಟ್ಟಲೂ ಬಿಡದೆ, ಲ್ಯಾಬಿನವನ ಅಂಗೈಯಲ್ಲೇ ಇಟ್ಟು ಬಂದಳು. ಫಲಿತಾಂಶಕ್ಕೆ ಮೂರು ದಿನ. ಮೂರು ದಿನವೂ ಕುರ್ಚಿ ಕಟಕಟ. ಮೂರನೇ ದಿನ ಗಿಣಿ ತನ್ನ ಟೀ ಸಮಯದಲ್ಲಿ ರಸ್ತೆ ದಾಟಿ ರಿಪೋರ್ಟು ತರಲು ಹೋದಳು. ಮೈಕಕ್ಕ ಕಾದಳು, ಕಾದಳು. ಹತ್ತು ಗಂಟೆ ಆಗಿಬಿಟ್ಟಿತು. ಅವಸರ ತಡೆಯದೆ ಎಂಟು ನಿಮಿಷದ ಪ್ರಕಟಣೆ ಹೇಳಿ ಹೊರಟಳು.

ಮೇಲ್ಸೇತುವೆಯ ನಡುಮಧ್ಯೆ ಇದ್ದಾಗ ಸ್ಪೀಕರು ಕರಕರ ಅಂದಿತು. ಮೈಕಕ್ಕನ ಧ್ವನಿಯಲ್ಲ. ಯಾರಿಂದಲೂ ಎತ್ತಿಕೊಂಡದ್ದಲ್ಲದ, ಕೀರಲು, ಓಡಿ ಬಂದು ಉಬ್ಬಸಪಡುವ ಧ್ವನಿ. ಗಿಣಿಯ ಸ್ವಂತದ್ದು. ನಿಲ್ದಾಣ ಅದನ್ನು ಸ್ಪೀಕರಿನಲ್ಲಿ ಕೇಳಿದ್ದು ಅದೇ ಮೊದಲು.

"ಗಮನಿಸಿ, ಗಮನಿಸಿ! ಮೇಲ್ಸೇತುವೆ ಮೇಲಿರೋ ಅಕ್ಕನ ಗಮನಕ್ಕೆ. ರಿಪೋರ್ಟ್ ಬಂದಿದೆ. ಪೂರ್ತಿ ಕ್ಲೀನು. ಈ ಸಲ ನಿಂದೇ ಅಕ್ಕಾ!"

ಕೆಳಗೆ ಯಾರೋ ಏನೆಂದು ತಿಳಿಯದೆಯೇ ಚಪ್ಪಾಳೆ ತಟ್ಟಿದರು. ಮೈಕಕ್ಕ ಕಂಬಿ ಹಿಡಿದು ನಿಂತಳು. ಒಂದು ಕೈ ಹೊಟ್ಟೆಯ ಮೇಲೆ, ಒಳಗಿನಿಂದ ಒಂದು ಒದೆತ. "ಹಾಳಾದೋಳೇ, ಮಾನ ಕಳೀತೀಯ," ಅಂದಳು, ಕೇಳಿಸುವಷ್ಟು ದೂರದಲ್ಲಿ ಯಾರೂ ಇರಲಿಲ್ಲ. ಕಣ್ಣು ಒರೆಸಿಕೊಳ್ಳಲೂ ಪುರಸೊತ್ತಿರಲಿಲ್ಲ. ಐದೂವರೆ ನಿಮಿಷ ಉಳಿದಿತ್ತು, ಅವಸರವಾಗಿತ್ತು. ಸರಸರ ನಡೆದಳು.